ಬಲಗಾಲಿನ ಜೋಮು

ಮಂಗಳವಾರ, ನವೆಂಬರ್ ೧೨. ಆಸ್ಪತ್ರೆ.

ನಮ್ಮ ಮನೆಯವರ ಬೆನ್ನಿನ ಆಪರೇಷನ್ ಮುಗಿಯಿತು. ಗಾಯದ ಮೇಲೆ ಎರಡು ಬೆರಳಗಲದ ಪಟ್ಟಿ, ಅಷ್ಟೇ. ನರ ಒತ್ತುತ್ತಿದ್ದ ಡಿಸ್ಕಿನ ಚೂರನ್ನು ಸಣ್ಣ ಕೊಳವೆಯೊಳಗಿಂದಲೇ ತೆಗೆದರಂತೆ. ಇದೇ ತೊಂದರೆಗೆ ಹಿಂದೆ ಅಪ್ಪನಿಗೆ ಗೇಣುದ್ದ ಕೊಯ್ದಿದ್ದರು. ಎರಡು ತಿಂಗಳು ಅಪ್ಪ ಹಾಸಿಗೆ ಬಿಟ್ಟು ಏಳಲಿಲ್ಲ. ಇವರು ಸಂಜೆ ನಾಲ್ಕಕ್ಕೇ ನರ್ಸ್ ಕೈ ಹಿಡಿದು ಬಾಗಿಲವರೆಗೆ ನಡೆದರು. ಕಾಲಿನ ಸೆಳೆತ ಪೂರ್ತಿ ಹೋಗಿದೆ ಎಂದು ನಕ್ಕರು. ಆ ನಗು ನೋಡಿ ಎಷ್ಟು ತಿಂಗಳಾಗಿತ್ತು.

ಆದರೆ ಬಲಗಾಲಿನ ಜೋಮು ಇನ್ನೂ ಹಾಗೇ ಇದೆ. ಅದು ಬಿಡದಿದ್ದರೆ ಇವರು ಮತ್ತೆ ಬಸ್ಸಿನ ಬ್ರೇಕ್ ತುಳಿಯುವುದು ಹೇಗೆ? "ನೋವು ಮೊದಲು ಹೋಗತ್ತೆ, ಜೋಮಿಗೆ ಕೆಲವು ವಾರ ಬೇಕು. ಗಾಬರಿ ಬೇಡಮ್ಮ" ಎಂದರು ಡಾಕ್ಟರು. ನನಗೆಲ್ಲಿ ಅಷ್ಟು ತಾಳ್ಮೆ.

ಊಟವಾದ ಮೇಲೆ ಇವರ ಕಣ್ಣು ಮುಚ್ಚಿಸಿ, ಬಲಗಾಲಿನ ಹೆಬ್ಬೆರಳು ಮುಟ್ಟಿದೆ.

"ಯಾವ ಬೆರಳು, ಹೇಳಿ?"

"ಹೆಬ್ಬೆರಳು ಕಣೇ."

ಹೋದ ಜೀವ ಬಂದಂತಾಯಿತು. ಇನ್ನೊಮ್ಮೆ ಕೇಳಿದೆ, ಈ ಸಲ ಎಲ್ಲೂ ಮುಟ್ಟದೆ.

"ಕಿರುಬೆರಳು" ಎಂದರು, ಅಷ್ಟೇ ಧೈರ್ಯವಾಗಿ.

"ಸರಿಯಾಗಿ ಹೇಳಿದ್ರಿ" ಎಂದು ಹೊದಿಕೆ ಎಳೆದೆ. ಈಗ ನಿದ್ದೆ ಮಾಡುತ್ತಿದ್ದಾರೆ. ಅಥವಾ ಅವರೂ ನನ್ನ ಹಾಗೆಯೇ ನಾಟಕ ಆಡುತ್ತಿದ್ದಾರೋ...