ಹುಳದ ಮನೆಯ ಹುಡುಗಿ, ಕಡಲೊಳಗೆ

ಅಂಡಮಾನಿನ ಕಡಲು, ಹಡಗಿನ ಮೇಲಿನಿಂದ
18 ಫೆಬ್ರವರಿ 2025

ರಮ್ಯನ ಅಪ್ಪನಿಗೆ ನಮಸ್ಕಾರ.

ಕಾಗದ ಕಂಡು ಗಾಬರಿಯಾಗಬೇಡಿ, ತಾಯಿ ಮಗಳು ಇಬ್ಬರೂ ಚೆನ್ನಾಗಿದ್ದೇವೆ. ಫೋನಿನಲ್ಲಾದರೆ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಕಾಗದಕ್ಕೆ ಅಡ್ಡಬಾಯಿ ಹಾಕುವ ಹಾಗಿಲ್ಲವಲ್ಲ. ಅಲ್ಲಿ ರೇಷ್ಮೆ ಹುಳ ಜ್ವರಕ್ಕೆ ಕೂತಿರಬೇಕು. ಪೊರೆ ಬಿಟ್ಟು ಏಳುವ ತನಕ ಸೊಪ್ಪು ಹಾಕಬೇಡಿ. ಹುಳದ ಮನೆಯಲ್ಲಿ ಬೀಡಿಯನ್ನಂತೂ ಹಚ್ಚಲೇಬೇಡಿ.

ನೀವು ಹೇಳಿಕೊಟ್ಟ ಸುಳ್ಳು ಇನ್ನೂ ನನ್ನ ಬಾಯಲ್ಲೇ ಇದೆ. ಅಪ್ಪನಿಗೆ ಎದೆನೋವು ಎಂದು ಹೇಳಿ ರಮ್ಯನನ್ನು ನಮ್ಮ ಅಕ್ಕೂರಿಗೆ ಕರೆತರಬೇಕು, ಹಾರೋಹಳ್ಳಿಯ ತಿಮ್ಮೇಶನಿಗೆ ಒಪ್ಪಿಸಬೇಕು, ಮದುವೆಯಾದ ಮೇಲೆ ಅವಳು ನೀರಿಗಿಳಿಯಕೂಡದು ಎಂಬ ಅವರ ಷರತ್ತಿಗೆ ಹೂಂ ಅನ್ನಿಸಬೇಕು. ಅದಕ್ಕೇ ತಾನೇ ನನ್ನನ್ನು ಕಳಿಸಿದ್ದು?

ಈ ಹಡಗೇ ಒಂದು ಮನೆ. ಬಂದವರು ವಾರವಿಡೀ ಇಲ್ಲೇ ಉಂಡು, ಇಲ್ಲೇ ಮಲಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗಿನ ಜೀವಗಳನ್ನು ನೋಡಲು ಮುಳುಗುತ್ತಾರೆ. ಅವರನ್ನು ಕರೆದೊಯ್ದು ಜೋಪಾನವಾಗಿ ಮೇಲೆ ತರುವವಳು ನಮ್ಮ ಮಗಳು. ಮೀನು ತೋರಿಸುವುದೂ ಒಂದು ಕೆಲಸವಾ ಎಂದು ನೀವು ನಕ್ಕಿರಿ, ನಾನೂ ನಕ್ಕೆ. ಈಗ ಆ ನಗು ನನಗೇ ನಾಚಿಕೆ ತರಿಸುತ್ತಿದೆ.

ಮೊದಲ ದಿನ ಅವಳು ಹಿಮ್ಮುಖವಾಗಿ ನೀರಿಗೆ ಉರುಳಿದಾಗ ಊರ ದೇವರನ್ನೆಲ್ಲ ಕರೆದೆ. ನೀರಿನ ಮೇಲೆ ಬರೀ ಗುಳ್ಳೆ. ಗುಳ್ಳೆ ಬರುತ್ತಿದ್ದರೆ ಉಸಿರಿದೆ ಎಂದೇ ಅರ್ಥ ಎಂದು ಅಡುಗೆಯವಳು ತಸ್ಲೀಮಾ ನನ್ನ ಬೆನ್ನು ಸವರಿದಳು. ಅವತ್ತಿನಿಂದ ನಾನು ಗುಳ್ಳೆ ಕಾಯುವವಳಾದೆ.

ನಿನ್ನೆ ಬೆಂಗಳೂರಿನವರೊಬ್ಬರು ಆಮೆಯ ಬೆನ್ನು ಸವರಿ ಬಂದು ಜಂಬ ಕೊಚ್ಚುತ್ತಿದ್ದರು. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿದ್ದ ನಿಮ್ಮ ಮಗಳ ಬಾಯಿಗೆ ಅಕ್ಕೂರು ಬಂತು ನೋಡಿ: “ಯಾಕ್ ಸಾ ಮುಟ್ಟುದ್ರಿ? ಅದ್ರ ಮನೆಗ್ ನಾವ್ ಬಂದಿರೋದು. ಒಸಿ ದೂರ ಇದ್ದು ನೋಡಿ, ಬೇಕಂದ್ರೆ ಅದೇ ಹತ್ರಕ್ ಬತ್ತದೆ!”

ಹುಳದ ತಟ್ಟೆಗೆ ಕೈ ಹಾಕಲು ಓಡಿ ಬರುತ್ತಿದ್ದ ಪುಟ್ಟ ರಮ್ಯನನ್ನು ನಾನು ಬೈಯುತ್ತಿದ್ದದ್ದು ಹೀಗೆಯೇ. ಕಾಲು ತೊಳೆದು ಬಾ, ಮೆತ್ತಗೆ ಮಾತಾಡು, ಮುಟ್ಟಬೇಡ. ಮದ್ದೂರಿನ ಆಚೆ ಕಾಣದ ನನ್ನ ಬೈಗುಳ ಸಮುದ್ರದ ತಳದವರೆಗೆ ಹೋಗಿದೆ.

ಮಧ್ಯಾಹ್ನ ಅದೇ ಮನುಷ್ಯ ಅವಳ ಮಾತಿನಂತೆ ಅಲುಗಾಡದೆ ಕಾದರಂತೆ. ಹುಳ ಗೂಡು ಕಟ್ಟುವ ನಮ್ಮ ಎರಡು ಚಂದ್ರಿಕೆ ಜೋಡಿಸಿದಷ್ಟು ಅಗಲದ, ಮಾಂಟಾ ಎಂಬ ಮೀನು ಅವರ ತಲೆಯ ಮೇಲೇ ತೇಲಿ ಹೋಯಿತಂತೆ. ಮೇಲೆ ಬಂದವರ ಕಣ್ಣಲ್ಲಿ ನೀರು. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ ಅವಳು ನನ್ನತ್ತ ಕೈ ತೋರಿಸಿದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಇಂಥ ಮಗಳನ್ನು ಹೆತ್ತೆನಲ್ಲ ಎಂಬ ಹೆಮ್ಮೆಗೆ.

ಆ ಸುಳ್ಳು ನನ್ನಿಂದಾಗದು. ನಾನೊಬ್ಬಳೇ ಬರುತ್ತೇನೆ. ಸಿಟ್ಟು ಬಂದರೆ ಬರಲಿ, ಊಟ ಮಾತ್ರ ಬಿಡಬೇಡಿ.

ನಿಮ್ಮ
ಪುಟ್ಟಲಕ್ಷ್ಮಮ್ಮ

ಮರೆತಿದ್ದು: ಹಾರೋಹಳ್ಳಿಯವರಿಗೆ ಏನು ಹೇಳಲಿ ಎನ್ನುತ್ತೀರೇನೋ. ಎದೆನೋವು ನಿಮ್ಮ ಹತ್ತಿರವೇ ಇದೆಯಲ್ಲ, ಅವರಿಗೇ ಹೇಳಿ. ಇನ್ನೊಂದು, ಬೈಯಬೇಡಿ. ಇವತ್ತು ಬೆಳಿಗ್ಗೆ ದಡದ ಹತ್ತಿರ ರಮ್ಯ ನನ್ನ ಕೈ ಹಿಡಿದು ನೀರೊಳಗೆ ಕರೆದೊಯ್ದಳು. ಸಾಕು, ಮೇಲೆ ಹೋಗೋಣ ಎಂದು ಅವಳು ಸನ್ನೆ ಮಾಡಿದಾಗ, ಇನ್ನೊಂದು ಗಳಿಗೆ ಇರೋಣ ಎಂದು ತಲೆಯಾಡಿಸಿದವಳು ನಾನೇ.