ಹೂಕೋಸಿನ ಮ್ಯಾಶ್

ಶಹಾಬಾದ
೧೩ ಡಿಸೆಂಬರ್ ೧೯೭೬

ನನ್ನ ಡಿಯರ್ ಅವ್ವಾ,

ಮಾವನವರ ಕಾಲ್ಬೆರಳು ಉಳಿಯಿತು, ಕತ್ತರಿಸುವುದು ಬೇಡವಂತೆ! ಈಗಷ್ಟೇ ದವಾಖಾನೆಯಿಂದ ಬಂದೆವು, ಸೀರೆ ಕೂಡ ಬದಲಿಸದೆ ಬರೆಯುತ್ತಿದ್ದೇನೆ. ಗಾಯ ಮಾಗುತ್ತಿದೆ, ಸಕ್ಕರೆ ಇಳಿದಿದೆ.

ಇನ್ನು ನಿನ್ನಿಂದ ಬೈಯಿಸಿಕೊಳ್ಳಲು ತಯಾರಾಗಿದ್ದೇನೆ. ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ನನ್ನನ್ನು ತವರಿಗೆ ಕರೆಯಲು ಬಂದ ನಮ್ಮ ಕಾಶಣ್ಣ ಒಬ್ಬನೇ ಸೇಡಂಗೆ ಮರಳಿದಾಗ ನೀನು ಈ ಮನೆಯವರನ್ನು ಬಾಯಿಗೆ ಬಂದಂತೆ ಅಂದೆಯಂತೆ. ಅವರು ತಡೆಯಲಿಲ್ಲ ಅವ್ವಾ. ಬರುವುದಿಲ್ಲ ಎಂದವಳು ನಾನೇ.

ಮಾವನವರು ರೈಲ್ವೆ ಗಾರ್ಡ್ ಆಗಿದ್ದಾಗ ವಾಡಿ ಜಂಕ್ಷನ್ನಿನಲ್ಲಿ ಒಂದು ರುಚಿ ಹತ್ತಿಸಿಕೊಂಡಿದ್ದರು. ಬೇಯಿಸಿ, ನುಣ್ಣಗೆ ಕಿವುಚಿ, ಬೆಣ್ಣೆ, ಕರಿಮೆಣಸಿನ ಪುಡಿ ಕಲಸಿದ ಆಲೂಗಡ್ಡೆ. ನಾನು ಓದುವಾಗ ಇದ್ದ ಕಾನ್ವೆಂಟ್ ಸಿಸ್ಟರುಗಳ ಹಾಸ್ಟೆಲಿನಲ್ಲೂ ಅದೇ ಇತ್ತಲ್ಲ, ಮ್ಯಾಶ್! ಸಕ್ಕರೆ ಕಾಯಿಲೆಗೆ ಅದು ಬಂದ್ ಎಂದು ಡಾಕ್ಟರು ಹೇಳಿದರೂ ಕೇಳಲಿಲ್ಲ. ಅತ್ತೆಯವರು ಮಾಡಿಕೊಡದಿದ್ದರೆ ಪಕ್ಕದ ಅಬ್ದುಲ್ ಮಜೀದ ಕಾಕಾರ ಮನೆಗೆ ಹೋಗಿ, ಆಲೂ ತಿಂದು, ಮೀಸೆ ಒರೆಸಿಕೊಂಡು ಬರುವರು. ಗಾಯವಾಗಿದ್ದ ಬೆರಳು ಕಪ್ಪಾಗತೊಡಗಿತು.

ಆಗ ನಾನು ಹೇಳಿಯೇಬಿಟ್ಟೆ: "ನೀವು ಆಲೂಗಡ್ಡಿ ಬಿಡೋತನಕ ನಾ ತವರಮನಿಗೆ ಹೋಗಂಗಿಲ್ರಿ ಮಾಮಾ." ಮೊದಲ ಹಬ್ಬಕ್ಕೆ ಸೊಸೆಯನ್ನು ಕಳಿಸದ ಮನೆಯ ಬಗ್ಗೆ ಓಣಿಯಲ್ಲಿ ಏನೇನು ಆಡಿಕೊಳ್ಳುತ್ತಾರೆ, ನಿನಗೆ ಗೊತ್ತು. ಅತ್ತೆಯವರು ಹಣೆ ಹಣೆ ಬಡಿದುಕೊಂಡರು. ಮಾವ ಮಾತ್ರ, "ನೋಡೂಣು, ಯಾರು ಮೊದಲ ಸೋಲ್ತಾರ" ಎಂದು ನಕ್ಕರು.

ನಾನು ಹೂಕೋಸು ತರಿಸಿದೆ. ಮೊದಲ ದಿನ ನೀರಲ್ಲಿ ಬೇಯಿಸಿ ಕಿವುಚಿದೆ. ಮಾವ ಒಂದು ತುತ್ತು ಬಾಯಿಗಿಟ್ಟು, "ಏನವಾ, ಇದು ಎಂಜಿನ್ನಿಗೆ ಕುಡಸೋ ನೀರ ಅದ. ಇದರಾಗ ಗಾಡಿ ಓಡ್ತದ, ಗಾರ್ಡ್ ಓಡಂಗಿಲ್ಲ" ಎಂದು ತಟ್ಟೆ ಸರಿಸಿದರು. ನಾನು ಬಿಡುತ್ತೇನೆಯೇ? ಮರುದಿನ ಹಬೆಯಲ್ಲಿ ಬೇಯಿಸಿದೆ. ಆದರೂ ನೀರು ನೀರು! ಕೊನೆಗೆ, ಅತ್ತೆಯವರು ಶ್ರೀಖಂಡಕ್ಕೆ ಮೊಸರು ಕಟ್ಟುವ ಬಟ್ಟೆಯಲ್ಲಿ ಬೆಂದ ಹೂಕೋಸನ್ನು ಗಂಟು ಕಟ್ಟಿ, ಅದರ ಮೇಲೆ ನೆಲಕ್ಕೆ ಹಾಸುವ ಒಂದು ಫರಸಿಕಲ್ಲು ಹೇರಿದೆ. ಈ ಊರಲ್ಲಿ ಕಲ್ಲಿಗೇನು ಬರ! ನೀರೆಲ್ಲ ಸೋರಿಹೋಯಿತು. ಹಂಚಿನ ಮೇಲೆ ಪಸೆ ಆರಿಸಿ, ಒರಳಲ್ಲಿ ರುಬ್ಬಿ, ಬೆಣ್ಣೆ, ಕರಿಮೆಣಸಿನ ಪುಡಿ ಹಾಕಿದೆ. ಬೆಳ್ಳಗೆ, ಮೆತ್ತಗೆ, ಚಮಚ ನೆಟ್ಟರೆ ನಿಲ್ಲುವಂಥದ್ದು!

ಕಾಶಣ್ಣ ಬರಿಗೈಯಲ್ಲಿ ಮರಳಿದ ದಿನವೇ ಸಂಜೆ ಅದನ್ನು ಬಡಿಸಿದೆ. ಮಾವ ತಿಂದು ಮುಗಿಸಿ, ಮತ್ತೆ ತಟ್ಟೆ ಮುಂದೆ ಚಾಚಿದರು. "ಆಲೂಗಡ್ಡಿ ಅಲ್ಲ. ಆದ್ರೂ ಹಾಕು." ಅಂದಿನಿಂದ ದಿನವೂ ಅದೇ. ಮಜೀದ ಕಾಕಾರ ಮನೆಗೆ ಈಗ ಹರಟೆಗೆ ಮಾತ್ರ ಹೋಗುತ್ತಾರೆ.

ಸಾವಿರ ಮುತ್ತುಗಳೊಂದಿಗೆ,
ನಿನ್ನ ಹಟಮಾರಿ
ಅಮೃತಾ

ತಾ.ಕ.: ದವಾಖಾನೆಯಲ್ಲಿ ಅತ್ತೆಯವರು ಇವತ್ತು ಬಾಯಿಬಿಟ್ಟರು. ಕಾಶಣ್ಣನನ್ನು ಕಳಿಸಿದ ಮೇಲೆ ನಾನು ಹಿತ್ತಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದುದನ್ನು ಮಾವ ಕಿಟಕಿಯಿಂದ ನೋಡಿದ್ದರಂತೆ. "ಆ ಹುಡುಗಿ ಇವತ್ತ ಏನ್ ಹಾಕಿದ್ರೂ ತಿಂತೀನಿ" ಎಂದು ಆಗಲೇ ಹೇಳಿದ್ದರಂತೆ! ನನ್ನ ಹೂಕೋಸೇ ಗೆದ್ದಿತೆಂದು ಮೆರೆಯುತ್ತಿದ್ದೆ. ಇರಲಿ, ಎರಡನೇ ಸಲ ತಟ್ಟೆ ಚಾಚಿದ್ದಾದರೂ ಹೂಕೋಸಿಗೇ ತಾನೆ? ಎಳ್ಳಮಾವಾಸ್ಯೆಗೆ ನನ್ನನ್ನು ಬಿಡಲು ಮಾವನವರೇ ಬರುತ್ತಾರೆ. ಎಷ್ಟು ಕೇಳಿದರೂ ಆಲೂಗಡ್ಡೆ ಬಡಿಸಬೇಡ. ಭಾನುವಾರ, ವಾಡಿಯಿಂದ ಬರುವ ಮಧ್ಯಾಹ್ನದ ಪ್ಯಾಸೆಂಜರ್ ಗಾಡಿಗೆ ಬರುತ್ತೇವೆ.