ಚಕ್ಕೋತದ ಟೋಪಿ

ಅಪ್ಪಾ,

ಕೆಲಸಕ್ಕೆ ಹೊರಟೆ. ನೀನು ಗೊರಕೆ ಹೊಡೆಯುತ್ತಿದ್ದೀಯ, ಎಬ್ಬಿಸಲು ಮನಸ್ಸಾಗಲಿಲ್ಲ.

ಗಂಜಿ ಕುಕ್ಕರಿನಲ್ಲಿದೆ. ಧಡಕ್ಕನೆ ಏಳಬೇಡ, ಮಂಚದ ಅಂಚಿನಲ್ಲಿ ಸ್ವಲ್ಪ ಕೂತು ಆಮೇಲೆ ನಿಲ್ಲು. ಬಿಪಿ ಮಾತ್ರೆ ತಪ್ಪಿಸಬೇಡ. ತಪ್ಪು ಮಾತ್ರೆಯದಲ್ಲ, ನಿನ್ನದು. ಮತ್ತೆ ತಲೆ ಸುತ್ತಿದರೆ ಮುಚ್ಚಿಡದೆ ಫೋನ್ ಮಾಡು.

ನೀನು ಬಾಗಿಲಲ್ಲಿ ಕುಸಿದಾಗ ಲಕ್ವ ಹೊಡೆಯಿತೆಂದೇ ನಾವೆಲ್ಲ ನಡುಗಿಹೋಗಿದ್ದೆವು. ನಿನ್ನೆ ಡಾಕ್ಟರಮ್ಮ "ತಾತ, ಹಬ್ಬದ ಚಕ್ಕೋತ ತಿಂತಿದ್ದೀರಾ?" ಅಂದರೆ "ದಿನಕ್ಕೆ ಒಂದೇ ಒಂದು ಹಣ್ಣು, ಅಷ್ಟೇ" ಅಂದೆಯಲ್ಲ! ನಿನ್ನ ಮಾತ್ರೆಗೆ ಚಕ್ಕೋತ ಸೇರಿದರೆ ಬಿಪಿ ಪಾತಾಳಕ್ಕಿಳಿಯುತ್ತದಂತೆ. ಲಕ್ವವಲ್ಲ, ಬರೀ ಬಾಯಿಚಪಲ. ಅದನ್ನು ಕೇಳಿ ಅಲ್ಲೇ ನಗುತ್ತಾ ಅತ್ತುಬಿಟ್ಟೆ.

ಮಂಚದ ಕೆಳಗಿನ ಹಣ್ಣುಗಳು ಸಿಕ್ಕವು. ಅಕ್ಕಿ ಡಬ್ಬದೊಳಗಿನದ್ದೂ. ಎಲ್ಲವನ್ನೂ ಪಕ್ಕದ ಮನೆಯ ಚುನ್‌ಮೇ ಚಿಕ್ಕಮ್ಮನಿಗೆ ಕೊಟ್ಟೆ. ಅವರು ಯಾವ ಮಾತ್ರೆಯನ್ನೂ ನುಂಗುವುದಿಲ್ಲ, ಕೇಳಿಯೇ ಕೊಟ್ಟೆ.

ಒಂದರ ಸಿಪ್ಪೆ ಮಾತ್ರ ಮೇಜಿನ ಮೇಲಿದೆ. ಚಿಕ್ಕವಳಿದ್ದಾಗ ಪ್ರತಿ ಹುಣ್ಣಿಮೆ ಹಬ್ಬಕ್ಕೂ ಚಕ್ಕೋತದ ಸಿಪ್ಪೆಯನ್ನೇ ಟೋಪಿ ಮಾಡಿ ನನ್ನ ತಲೆಗೆ ತೊಡಿಸುತ್ತಿದ್ದೆಯಲ್ಲ, ಹಾಗೇ ಬಿಡಿಸಿಟ್ಟಿದ್ದೇನೆ. ಈ ಸಲ ಮನೆಮಂದಿಗೆಲ್ಲ ಟೋಪಿ ಹಾಕಿದವನು ನೀನು. ಸಂಜೆ ನಾನು ಬರುವಾಗ ಅದು ನಿನ್ನ ತಲೆಯ ಮೇಲಿರಬೇಕು.

ಶೂಹ್ವಾ